ನೂತ ನೂಲನ್ನು ಬಿಚ್ಚದಿರೋಣ

ಜುಮಾ ಖುತ್ಬಾದ ಕೊನೆಗೆ ಬರುವ ಒಂದು ಸೂಕ್ತವನ್ನು ನಾವೆಲ್ಲ ಎಳವೆಯಿಂದ ಕೇಳುತ್ತಾ ಬಂದಿದ್ದೇವೆ. ಅರಬಿ ಭಾಷೆ ತಿಳಿಯದ ಹಿರಿಯರಿಗೂ ಅದರ ಧ್ವನಿ ಪರಿಚಿತ. ಅದು ಕಿವಿಗೆ ಬಿದ್ದರೆ ಇನ್ನು ಸಫ್ ಕಟ್ಟುವ ಹೊತ್ತಾಯಿತೆಂದು ಮಕ್ಕಳೂ ತಿಳಿದುಕೊಳ್ಳುತ್ತಾರೆ. ಅಲ್ಲಾಹನು ನ್ಯಾಯವನ್ನೂ ಒಳಿತನ್ನೂ ಬಂಧುಗಳಿಗೆ ಕೊಡುವುದನ್ನೂ ಆದೇಶಿಸುತ್ತಾನೆ. ಅಶ್ಲೀಲತೆ, ಕೆಡುಕು, ಅತಿಕ್ರಮಗಳಿಂದ ತಡೆಯುತ್ತಾನೆ ಎಂಬುದು ಅದರ ಸಾರ. ಇದು ಅನ್ನಹ್ಲ್ ಅಧ್ಯಾಯದ 90ನೆಯ ಸೂಕ್ತ. ಖುತ್ಬಾದಲ್ಲಿ ಇದನ್ನು ಓದುವ ರೂಢಿ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಕಾಲದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ.

ಆದರೆ ಅಲ್ಲಿಂದ ಎರಡೇ ಸೂಕ್ತ ಮುಂದೆ ಹೋದರೆ ಸಿಗುವ ಉಪಮೆಯೊಂದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ನೂಲನ್ನು ಗಟ್ಟಿಯಾಗಿ ನೂತು, ಆಮೇಲೆ ಅದನ್ನು ತಾನೇ ಎಳೆಎಳೆಯಾಗಿ ಬಿಚ್ಚಿಹಾಕಿದ ಹೆಂಗಸಿನಂತೆ ಆಗಬೇಡಿರಿ ಎಂದು ಅಲ್ಲಾಹನು ಅಲ್ಲಿ ಎಚ್ಚರಿಸಿದ್ದಾನೆ. ಮಕ್ಕಾದಲ್ಲಿ ಅಂಥ ಒಬ್ಬ ಹೆಂಗಸು ಇದ್ದಳೆಂದು ಕೆಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಮುಜಾಹಿದ್, ಕತಾದಾ ಮೊದಲಾದವರು ಇದು ಒಂದು ಉಪಮೆಯೆಂದು ಅಭಿಪ್ರಾಯಪಟ್ಟಿದ್ದಾರೆ. ಯಾವುದೇ ಇರಲಿ, ಕೇಳುವವನು ತನ್ನನ್ನು ತಾನು ನೋಡಿಕೊಳ್ಳಲೆಂದೇ ಈ ಮಾತನ್ನು ಹೇಳಲಾಗಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಂದಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಲಹೊಂಗಲದ ಎರೆ ಭೂಮಿ ಹತ್ತಿಗೆ ಹೆಸರಾದದ್ದು. ರಾಮದುರ್ಗ, ಸುರೇಬಾನಗಳು ನೇಕಾರರ ಊರುಗಳು. ನಮ್ಮವರಲ್ಲಿ ಎಷ್ಟೋ ಮನೆತನಗಳಿಗೆ ನದಾಫ ಎಂಬ ಅಡ್ಡಹೆಸರಿದೆ. ಅರಬಿಯಲ್ಲಿ ನದ್ದಾಫ್ ಎಂದರೆ ಹತ್ತಿ ಹಿಂಜುವವನು. ಹತ್ತಿಯಿಂದ ಕಾಳು ಬಿಡಿಸಿ, ಅರಳೆಯನ್ನು ಹಿಂಜಿ, ಹಂಜಿ ಮಾಡಿ, ಆಮೇಲೆ ರಾಟೆಗೆ ಕೊಟ್ಟರೆ ನೂಲು. ಎಷ್ಟು ಕೈಗಳ ದುಡಿಮೆ, ಎಷ್ಟು ಹೊತ್ತಿನ ತಾಳ್ಮೆ! ಅಷ್ಟು ಮಾಡಿದ್ದನ್ನು ಬಿಚ್ಚಲು ಗಳಿಗೆ ಹೊತ್ತು ಸಾಕು. ಬಿಚ್ಚಿದ ಮೇಲೆ ಉಳಿಯುವುದು ಅತ್ತ ಹತ್ತಿಯೂ ಅಲ್ಲ, ಇತ್ತ ನೂಲೂ ಅಲ್ಲ.

ಸಹೋದರ ಸಹೋದರಿಯರೇ, ನಾವು ಉತ್ತಮರಾಗಬೇಕು, ನಮ್ಮ ಬದುಕಿಗೆ ಒಂದು ಅರ್ಥ ಬರಬೇಕು ಎಂಬ ಆಸೆ ಯಾರಿಗಿಲ್ಲ? ಅದಕ್ಕಾಗಿ ನಾವು ಏನನ್ನೂ ಮಾಡುತ್ತಿಲ್ಲವೆಂದಲ್ಲ. ನಮಾಝ್ ಮಾಡುತ್ತೇವೆ, ಉಪವಾಸ ಹಿಡಿಯುತ್ತೇವೆ, ಕೈಲಾದಷ್ಟು ದಾನ ಕೊಡುತ್ತೇವೆ. ಆದರೂ ವರ್ಷ ಕಳೆದು ಹಿಂತಿರುಗಿ ನೋಡಿದರೆ ನಿಂತಲ್ಲೇ ನಿಂತಿದ್ದೇವೆ ಅನಿಸುವುದೇಕೆ? ಹಗಲು ನೂತದ್ದನ್ನು ಸಂಜೆ ನಾವೇ ಬಿಚ್ಚುತ್ತಿದ್ದೇವೆಯೋ ಏನೋ, ಸ್ವಲ್ಪ ನೋಡಿಕೊಳ್ಳೋಣ.

ಮಾತು ಎಂಬ ಮೊದಲ ಎಳೆ

ಈ ಸೂಕ್ತವು ಮೊದಲಿಗೆ ಹೇಳುವುದು ಕೊಟ್ಟ ಮಾತಿನ, ಮಾಡಿದ ಆಣೆಯ ವಿಷಯವನ್ನು. ಒಂದು ಪಂಗಡ ಇನ್ನೊಂದಕ್ಕಿಂತ ದೊಡ್ಡದೆಂಬ ಕಾರಣಕ್ಕೆ ಆಣೆಗಳನ್ನು ಮೋಸದ ಸಾಧನವಾಗಿ ಮಾಡಿಕೊಳ್ಳಬಾರದೆಂದು ಅಲ್ಲಿ ತಾಕೀತು ಮಾಡಲಾಗಿದೆ. ಬಲವಿದ್ದವನು ಮಾತು ಮುರಿದರೆ ಕೇಳುವವರಾರು ಎಂಬ ಧೈರ್ಯವನ್ನೇ ಅಲ್ಲಾಹನು ಇಲ್ಲಿ ಖಂಡಿಸಿದ್ದಾನೆ.

ಇದಕ್ಕೆ ಉದಾಹರಣೆ ನಮ್ಮ ನೆಲದಲ್ಲೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು, ಯುದ್ಧ ನಿಲ್ಲುವುದೆಂಬ ಒಪ್ಪಂದದ ಮೇಲೆ ರಾಣಿ ಚೆನ್ನಮ್ಮ ಬಿಡುಗಡೆ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕಂಪನಿ ಸರ್ಕಾರ ಇನ್ನೂ ದೊಡ್ಡ ಸೈನ್ಯವನ್ನು ತಂದು ಅದೇ ಡಿಸೆಂಬರಿನಲ್ಲಿ ಕೋಟೆಯನ್ನು ಹಿಡಿಯಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿಯೇ ಇದೆ. ಗೆದ್ದವರು ಯಾರು, ಮಾತಿಗೆ ತಪ್ಪಿದವರು ಯಾರು ಎಂಬುದನ್ನು ಇನ್ನೂರು ವರ್ಷ ಕಳೆದರೂ ಈ ನಾಡು ಮರೆತಿಲ್ಲ.

ರಾಜ್ಯಗಳ ಮಾತು ದೊಡ್ಡದು. ನಮ್ಮದು ಕಿರಾಣಿ ಅಂಗಡಿಯ ಮಾತು. ಉದ್ರಿ ತಂದವನು ಸಂತೆಯ ದಿನ ಕೊಡುತ್ತೇನೆ ಎನ್ನುತ್ತಾನೆ. ಸಂತೆಯ ದಿನ ಬೇರೆ ಓಣಿಯಿಂದ ಹೋಗುತ್ತಾನೆ. ದರ್ಜಿ ಹಬ್ಬಕ್ಕೆ ಮೊದಲೇ ಬಟ್ಟೆ ಕೊಡುವೆನೆಂದು ಹಣ ಹಿಡಿಯುತ್ತಾನೆ. ಗೌಂಡಿ ನಾಳೆ ಬರುತ್ತೇನೆಂದು ಹೇಳಿ ಇನ್ನೊಬ್ಬರ ಮನೆಗೆ ಹೋಗುತ್ತಾನೆ. ಇವೆಲ್ಲದರ ಕೊನೆಗೂ ಒಂದು 'ಇನ್ಶಾ ಅಲ್ಲಾಹ್' ಇರುತ್ತದೆ! ಅಲ್ಲಾಹನು ಇಚ್ಛಿಸಿದರೆ ಮಾಡಿಯೇ ತೀರುವೆನೆಂಬ ದೃಢ ಸಂಕಲ್ಪದ ಮಾತು ಅದು. ಆಗುವುದಿಲ್ಲ ಎಂಬುದನ್ನು ನಯವಾಗಿ ಹೇಳುವ ಉಪಾಯವಾಗಿ ಅದನ್ನು ಬಳಸುವುದು ಅಲ್ಲಾಹನ ಹೆಸರಿಗೆ ಮಾಡುವ ಅಗೌರವ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (ಅಲ್‌ಬಕರಃ 282) ಸಾಲವನ್ನು ಬರೆದಿಡುವ ವಿಷಯದಲ್ಲಿದೆ ಎಂಬುದನ್ನು ಗಮನಿಸಿರಿ. ಸಾಲ ಹತ್ತು ರೂಪಾಯಿಯದಾದರೂ ಬರೆದಿಡಿ. ಹೇಳಿದ ದಿನ ಹಣ ಆಗದಿದ್ದರೆ ಅಂಗಡಿಯವನ ಎದುರಿಗೆ ನೀವೇ ಹೋಗಿ, ಆಗಲಿಲ್ಲ, ಇಂಥ ದಿನ ಕೊಡುವೆ ಎನ್ನಿ. ಮೋರೆ ತಪ್ಪಿಸಿ ನಡೆಯುವ ಮನುಷ್ಯನ ವಿಶ್ವಾಸ ಎಂದೂ ಬೆಳೆಯುವುದಿಲ್ಲ.

ಮಹಾಪೂರ ಮತ್ತು ಕಾಲುವೆ

ನೂತದ್ದು ಬಿಚ್ಚಿಹೋಗುವ ಇನ್ನೊಂದು ಬಗೆಯೆಂದರೆ ಒಮ್ಮೆಲೇ ಎಲ್ಲವನ್ನೂ ಹೊತ್ತುಕೊಂಡು, ಒಮ್ಮೆಲೇ ಎಲ್ಲವನ್ನೂ ಇಳಿಸುವುದು. ರಮಝಾನಿನಲ್ಲಿ ನಮ್ಮ ಮಸೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶವ್ವಾಲ್ ತಿಂಗಳು ನಾಲ್ಕು ದಿನ ಕಳೆಯುವಷ್ಟರಲ್ಲಿ ಫಜ್ರ್ ನಮಾಝಿಗೆ ಒಂದು ಸಫ್ ತುಂಬುವುದು ಕಷ್ಟ.

ಕರ್ಮಗಳಲ್ಲಿ ಅಲ್ಲಾಹನಿಗೆ ಅತ್ಯಂತ ಪ್ರಿಯವಾದದ್ದು ಅಲ್ಪವಾಗಿದ್ದರೂ ನಿರಂತರವಾಗಿ ನಡೆಯುವ ಕರ್ಮವೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಇದನ್ನು ಅರಿಯಲು ನಮ್ಮ ಮಲಪ್ರಭೆಯನ್ನು ನೋಡಿದರೆ ಸಾಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಈ ನದಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ, ಗುಡ್ಡಗಳ ನಡುವಿನ ಇಕ್ಕಟ್ಟಾದ ಸ್ಥಳದಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಸುಮಾರು 37 ಟಿಎಂಸಿ ನೀರು ಅಲ್ಲಿ ನಿಲ್ಲಬಲ್ಲದು. 2019ರ ಆಗಸ್ಟ್ ತಿಂಗಳಲ್ಲಿ ಇದೇ ನದಿ ಉಕ್ಕಿ ರಾಮದುರ್ಗಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿತು. ಮನೆಗಳು ಬಿದ್ದವು, ಬೆಳೆ ಹೋಯಿತು, ಮಂದಿ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಅದೇ ನೀರು ಕಾಲುವೆಯಲ್ಲಿ ಅಳತೆಯಿಂದ ಹರಿದಾಗ ಹೊಲ ಹಸಿರಾಗುತ್ತದೆ. ಮಳೆಗಾಲ ನಾಲ್ಕೇ ತಿಂಗಳು. ಆ ನೀರನ್ನು ಹಿಡಿದಿಟ್ಟುಕೊಂಡವನಿಗೆ ಬೇಸಿಗೆಯಲ್ಲೂ ಬೆಳೆ.

ರಮಝಾನ್ ನಮ್ಮ ಮಳೆಗಾಲ. ಆ ತಿಂಗಳ ಉತ್ಸಾಹ ಅಲ್ಲಾಹನ ಅನುಗ್ರಹ. ಅದರಿಂದ ಒಂದಿಷ್ಟನ್ನು ಉಳಿದ ಹನ್ನೊಂದು ತಿಂಗಳಿಗೆ ಹಿಡಿದಿಟ್ಟುಕೊಳ್ಳುವುದೇ ಜಾಣತನ. ದಿನಕ್ಕೊಂದು ಪಾರಾ ಓದಿದವನು ಇನ್ನು ದಿನಕ್ಕೆ ಐದು ಸೂಕ್ತ ಅರ್ಥಸಹಿತ ಓದಲಿ. ಆದರೆ ಅದನ್ನು ಬಿಡದಿರಲಿ. ಮದರಸಾಗಳಲ್ಲಿ ಕುರ್‌ಆನ್ ಕಂಠಪಾಠ ಮಾಡುವ ಮಕ್ಕಳನ್ನು ನೋಡಿ. ಹೊಸ ಪಾಠಕ್ಕಿಂತ ಹಳೆಯದನ್ನು ಮತ್ತೆ ಮತ್ತೆ ಓದಿಸುವುದಕ್ಕೆ ಅಲ್ಲಿ ಹೆಚ್ಚು ಹೊತ್ತು ಹೋಗುತ್ತದೆ. ಕಟ್ಟು ಬಿಚ್ಚಿದ ಒಂಟೆಗಿಂತಲೂ ಬೇಗ ಕುರ್‌ಆನ್ ಮನಸ್ಸಿನಿಂದ ಜಾರಿಹೋಗುತ್ತದೆ ಎಂದು ಪ್ರವಾದಿವರ್ಯರೇ(ಸ) ಎಚ್ಚರಿಸಿದ್ದಾರೆ. ಒಳ್ಳೆಯ ಅಭ್ಯಾಸಗಳೆಲ್ಲ ಹಾಗೆಯೇ.

ಹ. ಅಬ್ದುಲ್ಲಾ ಬಿನ್ ಅಮ್ರ್(ರ) ತಾರುಣ್ಯದಲ್ಲಿ ದಿನವೂ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟಿದ್ದರು. ಪ್ರವಾದಿವರ್ಯರು(ಸ) ಅವರನ್ನು ಕರೆದು, ದೇಹಕ್ಕೂ ಕಣ್ಣಿಗೂ ಪತ್ನಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ತಿಳಿಸಿ, ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಇವರು ತಮಗೆ ಶಕ್ತಿಯಿದೆಯೆಂದು ಹೆಚ್ಚಿಸಿಕೊಂಡು, ಕೊನೆಗೆ ದಿನ ಬಿಟ್ಟು ದಿನ ಉಪವಾಸವೆಂದು ನಿಶ್ಚಯವಾಯಿತು. ಮುಪ್ಪಿನಲ್ಲಿ ಮೈಯಲ್ಲಿ ಬಲ ಕುಂದಿದಾಗ, ಅಂದು ಆ ರಿಯಾಯಿತಿಯನ್ನು ಒಪ್ಪಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಹೇಳುತ್ತಿದ್ದರು. ಆದರೂ ಹಿಡಿದ ವ್ರತವನ್ನು ಅವರು ಕೈಬಿಡಲಿಲ್ಲ. ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ: ಹೊರಲಾಗುವಷ್ಟನ್ನೇ ಎತ್ತಿಕೊಳ್ಳಬೇಕು, ಎತ್ತಿಕೊಂಡದ್ದನ್ನು ನಡುದಾರಿಯಲ್ಲಿ ಇಳಿಸಬಾರದು.

ದಿವಾಳಿಯಾದವನು ಯಾರು?

ನೂಲು ಬಿಚ್ಚುವ ಮೂರನೆಯ ಬಗೆ ಎಲ್ಲಕ್ಕಿಂತ ಭಯಂಕರವಾದದ್ದು, ಏಕೆಂದರೆ ಬಿಚ್ಚುತ್ತಿರುವುದು ನಮಗೇ ತಿಳಿಯುವುದಿಲ್ಲ. ದಿವಾಳಿಯಾದವನು ಯಾರೆಂದು ಬಲ್ಲಿರಾ ಎಂದು ಪ್ರವಾದಿವರ್ಯರು(ಸ) ಒಮ್ಮೆ ಸಂಗಾತಿಗಳನ್ನು ಕೇಳಿದರು. ಹಣವೂ ಸರಕೂ ಇಲ್ಲದವನೆಂದು ಅವರು ಉತ್ತರಿಸಿದರು. ಪ್ರವಾದಿವರ್ಯರು(ಸ) ವಿವರಿಸಿದ್ದು ಬೇರೆಯೇ ಒಬ್ಬನನ್ನು. ಪುನರುತ್ಥಾನ ದಿನದಂದು ಅವನು ನಮಾಝ್, ಉಪವಾಸ, ಝಕಾತ್‌ಗಳನ್ನು ಹೊತ್ತು ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿರುತ್ತಾನೆ, ಒಬ್ಬನ ಸೊತ್ತು ತಿಂದಿರುತ್ತಾನೆ, ಒಬ್ಬನನ್ನು ಹೊಡೆದಿರುತ್ತಾನೆ. ಅವನ ಪುಣ್ಯಗಳನ್ನೆಲ್ಲ ಅವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದರೆ ಅವರ ಪಾಪಗಳನ್ನು ಇವನ ಮೇಲೆ ಹೊರಿಸಲಾಗುತ್ತದೆ (ಮುಸ್ಲಿಮ್).

ಈ ಹದೀಸನ್ನು ಓದಿ ನಮ್ಮ ಸಂಜೆಗಳನ್ನು ನೆನೆದರೆ ಮೈ ನಡುಗುತ್ತದೆ. ಅಸ್ರ್ ನಮಾಝ್ ಮುಗಿಸಿ ಚಹಾ ಅಂಗಡಿಯ ಕಟ್ಟೆಗೆ ಕುಳಿತರೆ ಮಗ್ರಿಬ್‌ವರೆಗೆ ಊರವರ ಮನೆಯ ಸುದ್ದಿ. ಯಾರ ಮಗಳ ಸಂಬಂಧ ಮುರಿಯಿತು, ಯಾರ ಮಗ ಎಷ್ಟು ಸಾಲ ಮಾಡಿದ ಎಂಬುದೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ಹೆಣ್ಣುಮಕ್ಕಳ ಕಟ್ಟೆ ಬೇರೆ, ವಿಷಯ ಅದೇ. ಈಗಂತೂ ಕೈಯಲ್ಲಿ ಮೊಬೈಲ್ ಇದೆ. ನಿಜವೋ ಸುಳ್ಳೋ ನೋಡದೆ ಒಬ್ಬರ ಮಾನವನ್ನು ನೂರು ಮಂದಿಗೆ ಕಳಿಸಲು ಹೆಬ್ಬೆರಳೊಂದು ಸಾಕು. ಪರನಿಂದೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಹೋಲಿಸಿದೆ (ಅಲ್‌ಹುಜುರಾತ್ 12). ಅಂಥ ಮಾತು ಎದ್ದಾಗ ಅದನ್ನು ಬೇರೆ ಕಡೆಗೆ ತಿರುಗಿಸಿ. ಆಗದಿದ್ದರೆ ಎದ್ದು ಬನ್ನಿ. ಬಂದ ಸುದ್ದಿಯನ್ನು ಮುಂದೆ ಕಳಿಸುವ ಮೊದಲು, ಆ ಮನುಷ್ಯ ನನ್ನ ಎದುರಿಗೆ ಕುಳಿತಿದ್ದರೆ ಇದನ್ನು ಓದಿ ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಒಂದೇ ಸಫಿನಲ್ಲಿ ಇಬ್ಬರು

ಬಂಧುಗಳಿಗೆ ಕೊಡಬೇಕೆಂಬ ಆಜ್ಞೆಯನ್ನು ಪ್ರತಿ ಶುಕ್ರವಾರ ಕೇಳುತ್ತೇವಷ್ಟೆ? ಹೊಲದ ವಾಟ್ನಿಯಲ್ಲಿ ಮನಸ್ಸು ಮುರಿದುಕೊಂಡ ಅಣ್ಣತಮ್ಮಂದಿರು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಒಂದೇ ಮಸೀದಿಗೆ ಬರುತ್ತಾರೆ, ಒಂದೇ ಸಫಿನಲ್ಲಿ ನಿಲ್ಲುತ್ತಾರೆ. ಸಲಾಮ್ ಹೇಳಿ ನಮಾಝ್ ಮುಗಿಸುವಾಗ ಬಲಕ್ಕೂ ಎಡಕ್ಕೂ ಶಾಂತಿಯನ್ನು ಹಾರೈಸುತ್ತಾರೆ. ಹೊರಗೆ ಚಪ್ಪಲಿ ಮೆಟ್ಟುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬದುವಿನ ಮೇಲಿನ ಎರಡು ಮೊಳ ಭೂಮಿಗಾಗಿ ಒಡಹುಟ್ಟಿದವನ ಮನೆಯ ಮದುವೆಗೂ ಹೋಗುವುದಿಲ್ಲ. ಅವರ ಮಕ್ಕಳು ಕಾಕಾ ಯಾರು, ದೊಡ್ಡಪ್ಪ ಯಾರು ಎಂಬುದನ್ನು ದೂರದಿಂದ ತೋರಿಸಿ ಹೇಳುವಂತಾಗಿದೆ.

ಮೂರು ದಿನಕ್ಕಿಂತ ಹೆಚ್ಚು ಸಹೋದರನೊಡನೆ ಮಾತು ಬಿಡುವುದು ಧರ್ಮಸಮ್ಮತವಲ್ಲ. ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಶ್ರೇಷ್ಠನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಸೋಮವಾರ ಮತ್ತು ಗುರುವಾರಗಳಂದು ಸ್ವರ್ಗದ ಬಾಗಿಲುಗಳು ತೆರೆಯಲ್ಪಡುತ್ತವೆ. ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸದ ದಾಸರಿಗೆಲ್ಲ ಕ್ಷಮೆ ಸಿಗುತ್ತದೆ. ಆದರೆ ಪರಸ್ಪರ ಹಗೆಯಿಟ್ಟುಕೊಂಡ ಇಬ್ಬರ ವಿಷಯವನ್ನು ಅವರು ರಾಜಿಯಾಗುವವರೆಗೆ ತಡೆಹಿಡಿಯಲಾಗುತ್ತದೆ ಎಂದೂ ಹದೀಸಿನಲ್ಲಿದೆ (ಮುಸ್ಲಿಮ್). ವಾರಕ್ಕೆ ಎರಡು ಸಲ ಬರುವ ಕ್ಷಮೆಯನ್ನು ಎರಡು ಮೊಳ ಮಣ್ಣಿಗೆ ಮಾರುವುದು ಎಂಥ ವ್ಯಾಪಾರ?

ಇನ್ನು ಅಕ್ಕತಂಗಿಯರ ಪಾಲು. ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಹೆಣ್ಣಿಗೂ ನಿಗದಿತ ಪಾಲಿದೆಯೆಂದು ಕುರ್‌ಆನ್ ಸ್ಪಷ್ಟವಾಗಿ ಸಾರಿದೆ (ಅನ್ನಿಸಾ 7). ಆದರೆ ನಡೆಯುತ್ತಿರುವುದೇನು? ತಂಗಿಗೆ ಒಂದು ಸೀರೆ ಉಡಿಸಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅವಳು ಒಲ್ಲೆನೆಂದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹೆಬ್ಬೆಟ್ಟು ಒತ್ತುತ್ತಾಳೆ. ಆಮೇಲೆ, ಅವಳೇ ಖುಷಿಯಿಂದ ಬಿಟ್ಟುಕೊಟ್ಟಳು ಎನ್ನುತ್ತೇವೆ. ಖುಷಿಯೋ ಭಯವೋ ಅಲ್ಲಾಹನು ಬಲ್ಲ. ಪಾಲನ್ನು ಮೊದಲು ಅವಳ ಕೈಗೆ ಕೊಡಿ. ಆಮೇಲೆ ಅವಳು ತಾನಾಗಿ ಹಿಂತಿರುಗಿಸಿದರೆ ಆಗ ಅದನ್ನು ಖುಷಿಯೆನ್ನಬಹುದು. ತಂಗಿಯ ಪಾಲಿನ ಮೇಲೆ ಬೆಳೆದ ಜೋಳದ ರೊಟ್ಟಿ ತಿಂದು ಮಾಡಿದ ಇಬಾದತ್ತಿನಲ್ಲಿ ಎಷ್ಟು ಎಳೆ ಗಟ್ಟಿಯಿದ್ದೀತು?

ಹರಿದ ಎಳೆಗೆ ಗಂಟು

ಇಷ್ಟನ್ನು ಓದಿದವರಿಗೆ, ಹಾಗಾದರೆ ನಮ್ಮದೆಲ್ಲ ಬಿಚ್ಚಿಯೇ ಹೋಯಿತೇ ಎಂಬ ನಿರಾಶೆ ಬರಬಹುದು. ಹಾಗಾಗಬಾರದು. ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗುವುದೇ ಒಂದು ದೊಡ್ಡ ತಪ್ಪು. ರಾಮದುರ್ಗದ ನೇಕಾರನನ್ನು ಕೇಳಿರಿ. ಮಗ್ಗದಲ್ಲಿ ಎಳೆ ಹರಿಯದ ದಿನವಿಲ್ಲ. ಹರಿದ ಕೂಡಲೇ ಆತ ಮಗ್ಗ ನಿಲ್ಲಿಸುತ್ತಾನೆ, ಎರಡು ತುದಿಗಳನ್ನು ಹುಡುಕಿ ಗಂಟು ಹಾಕುತ್ತಾನೆ, ಮುಂದಕ್ಕೆ ನೇಯುತ್ತಾನೆ. ಎಳೆ ಹರಿಯಿತೆಂದು ಸೀರೆಯನ್ನೇ ಬಿಸಾಡುವುದಿಲ್ಲ. ಒಂದೇ ಎಳೆಯಲ್ಲವೇ ಎಂದು ಹಾಗೆಯೇ ನೇಯುತ್ತಲೂ ಹೋಗುವುದಿಲ್ಲ. ಹಾಗೆ ಮಾಡಿದರೆ ಸೀರೆಯುದ್ದಕ್ಕೂ ಆ ದೋಷ ಎದ್ದು ಕಾಣುತ್ತದೆ.

ತೌಬಾ ಎಂದರೆ ಆ ಗಂಟು. ಫಜ್ರ್ ತಪ್ಪಿತೇ? ಎಚ್ಚರವಾದೊಡನೆ ನಮಾಝ್ ಮಾಡಿ, ರಾತ್ರಿ ಬೇಗ ಮಲಗಿ. ಹೆಂಡತಿಯ ಮೇಲೆ, ಮಕ್ಕಳ ಮೇಲೆ ಸಿಟ್ಟಿನಿಂದ ಕೂಗಾಡಿದಿರಾ? ಮಲಗುವ ಮೊದಲು ಕ್ಷಮೆ ಕೇಳಿ. ಮಕ್ಕಳ ಕ್ಷಮೆ ಕೇಳಿದರೆ ತಂದೆ ಸಣ್ಣವನಾಗುವುದಿಲ್ಲ. ಒಬ್ಬರ ಹಕ್ಕನ್ನು ಕಸಿದಿದ್ದರೆ ಬರೇ 'ಅಸ್ತಗ್ಫಿರುಲ್ಲಾಹ್' ಸಾಲದು, ಹಕ್ಕನ್ನು ಹಿಂತಿರುಗಿಸಬೇಕು. ಬೆಳೆ ಬಂದ ಮೇಲೆ, ಮಗಳ ಮದುವೆಯಾದ ಮೇಲೆ, ಹಜ್ಜಿಗೆ ಹೋಗಿ ಬಂದ ಮೇಲೆ ಸರಿಮಾಡಿಕೊಳ್ಳುವೆನೆನ್ನುವವನು, ಅಲ್ಲಿಯವರೆಗೆ ಬದುಕಿರುತ್ತೇನೆಂದು ಯಾರಿಂದ ಬರೆಸಿಕೊಂಡಿದ್ದಾನೆ?

ದಿನದ ನೂಲು

ಪ್ರತಿಯೊಬ್ಬನೂ ತಾನು ನಾಳೆಗಾಗಿ ಏನನ್ನು ಮುಂದೆ ಕಳಿಸಿದ್ದೇನೆಂದು ನೋಡಿಕೊಳ್ಳಲಿ ಎಂದು ಅಲ್ಲಾಹನು ಆದೇಶಿಸಿದ್ದಾನೆ (ಅಲ್‌ಹಶ್ರ್ 18). ಅಂಗಡಿಯವನು ರಾತ್ರಿ ಬಾಗಿಲು ಹಾಕುವ ಮೊದಲು ಗಲ್ಲಾ ಎಣಿಸುವಂತೆ, ಇಶಾ ನಮಾಝಿನ ಬಳಿಕ ಐದು ನಿಮಿಷ ಸುಮ್ಮನೆ ಕುಳಿತು ಎರಡೇ ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇಂದು ಏನನ್ನು ನೂತೆ? ಅದನ್ನು ಎಲ್ಲಿ ಬಿಚ್ಚಿದೆ?

ನೂಲುವುದಕ್ಕೆ ದೊಡ್ಡ ಬಂಡವಾಳ ಬೇಡ. ಮನೆಮಂದಿಯೆಲ್ಲ ಒಂದು ಹೊತ್ತಾದರೂ ಮೊಬೈಲ್ ದೂರವಿಟ್ಟು ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಲಿ. ಮಗ, ಮಗಳು ಇಬ್ಬರೂ ಶಾಲೆಯಲ್ಲಿ ಏನು ಕಲಿತರೆಂದು ತಂದೆ ಕೇಳಲಿ. ದಿನಕ್ಕೆರಡು ಪುಟ ಒಳ್ಳೆಯ ಪುಸ್ತಕವನ್ನು, ಕನ್ನಡದ್ದಿರಲಿ ಉರ್ದುವಿನದಿರಲಿ, ಗಟ್ಟಿಯಾಗಿ ಓದಿ ಓದುಬಾರದ ಹಿರಿಯರಿಗೂ ಕೇಳಿಸಲಿ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೆರೆಮನೆಯವರು ಯಾವ ಧರ್ಮದವರೇ ಇರಲಿ, ಕಾಯಿಲೆ ಬಿದ್ದರೆ ಹೋಗಿ ನೋಡಿ. 2019ರ ನೆರೆಯ ದಿನಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳಿಂದ ಸಂತ್ರಸ್ತರಿಗೆ ರೊಟ್ಟಿಯ ಗಂಟುಗಳು ಬಂದವು. ಅವುಗಳನ್ನು ತಟ್ಟಿದ ಕೈ ಯಾವ ಮನೆಯದೆಂದು ತಿಂದವರು ಕೇಳಲಿಲ್ಲ. ಆ ಕೈಗಳು ನೆರೆ ಇಲ್ಲದ ದಿನಗಳಲ್ಲೂ ಹಾಗೆಯೇ ಚಾಚಿಕೊಂಡಿರಲಿ.

ಇವುಗಳಲ್ಲಿ ಎಲ್ಲವನ್ನೂ ಇಂದೇ ಹಿಡಿಯಬೇಡಿ. ಒಂದನ್ನು ಆರಿಸಿಕೊಳ್ಳಿ, ನಲವತ್ತು ದಿನ ಬಿಡದೆ ನಡೆಸಿ, ಅದು ಮೈಗೂಡಿದ ಮೇಲೆ ಇನ್ನೊಂದನ್ನು ಸೇರಿಸಿ. ಅದರ ಜೊತೆಗೆ ಬಿಚ್ಚುವ ಅಭ್ಯಾಸವೊಂದನ್ನು ನಿಲ್ಲಿಸಿ. ಇಸ್ಲಾಮಿನ ಬಗ್ಗೆ ಇನ್ನಾರನ್ನೂ ಕೇಳಬೇಕಾಗದಂಥ ಒಂದು ಮಾತು ಹೇಳಿರೆಂದು ಬಂದ ಸಂಗಾತಿಗೆ ಪ್ರವಾದಿವರ್ಯರು(ಸ) ಕೊಟ್ಟ ಉತ್ತರವೂ ಇದೇ: ಅಲ್ಲಾಹನಲ್ಲಿ ವಿಶ್ವಾಸವಿರಿಸಿದೆನೆಂದು ಹೇಳಬೇಕು, ಆಮೇಲೆ ಅದರಲ್ಲಿ ದೃಢವಾಗಿ ನಿಲ್ಲಬೇಕು (ಮುಸ್ಲಿಮ್).

ನಮ್ಮ ಅಲ್ಪ ಕರ್ಮಗಳನ್ನು ಅಲ್ಲಾಹನು ಸ್ವೀಕರಿಸಲಿ. ನೂತದ್ದನ್ನು ಉಳಿಸಿಕೊಳ್ಳುವ ಬುದ್ಧಿಯನ್ನೂ, ಹರಿದ ಕಡೆ ಆಗಲೇ ಗಂಟು ಹಾಕುವ ವಿನಯವನ್ನೂ, ಮುರಿದ ಸಂಬಂಧದ ಬಾಗಿಲಿಗೆ ಮೊದಲು ಹೋಗಿ ಸಲಾಮ್ ಹೇಳುವ ಧೈರ್ಯವನ್ನೂ ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.